ಶಿಶುವಿಹಾರ ನಡೆಸುವ ಸೇವಾ ಸಂಸ್ಥೆಗೆ ಯಾವ ಹಣ ಹೊಂದುತ್ತದೆ? ಆದಾಯದ ದಾರಿಗಳ ಹೋಲಿಕೆ

ಬಡ ಕುಟುಂಬಗಳ ಮಕ್ಕಳಿಗಾಗಿ ಬಾಲವಾಡಿ ನಡೆಸುವ, ಕೂಲಿಗೆ ಹೋಗುವ ತಾಯಂದಿರ ಎಳೆಯ ಮಕ್ಕಳನ್ನು ಹಗಲೆಲ್ಲ ನೋಡಿಕೊಳ್ಳುವ ಸಣ್ಣ ಸಂಸ್ಥೆಗಳು ಕರ್ನಾಟಕದ ನಗರಗಳಲ್ಲೂ ತಾಲ್ಲೂಕು ಕೇಂದ್ರಗಳಲ್ಲೂ ಇವೆ. ಇವುಗಳ ಟ್ರಸ್ಟಿಗಳು ಸಭೆ ಸೇರಿದಾಗ ಹಣ ಎಲ್ಲಿಂದ ತರುವುದು ಎಂಬ ಚರ್ಚೆ ತಪ್ಪದೆ ನಡೆಯುತ್ತದೆ. ಯಾವ ಖರ್ಚಿಗೆ ಯಾವ ಹಣವನ್ನು ಕಟ್ಟಬೇಕು ಎಂಬ ಚರ್ಚೆ ಅಪರೂಪ. ಸಂಸ್ಥೆ ಬಾಳುವುದೋ ಬಾಡುವುದೋ ಎಂಬುದು ಹೆಚ್ಚಾಗಿ ಈ ಎರಡನೆಯ ಪ್ರಶ್ನೆಯ ಮೇಲೆ ನಿಂತಿದೆ ಎಂದು ನಾನು ನಂಬಿದ್ದೇನೆ. ಆದ್ದರಿಂದ ಸಿಎಸ್‌ಆರ್ (ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗೆಂದು ಕೊಡುವ ಹಣ), ವ್ಯಕ್ತಿಗತ ದೇಣಿಗೆ, ಪೋಷಕರ ಶುಲ್ಕ, ಸರ್ಕಾರದೊಂದಿಗಿನ ಸಹಭಾಗಿತ್ವ, ಉದ್ಯೋಗದಾತರೊಂದಿಗಿನ ಒಪ್ಪಂದ, ವಿದೇಶಿ ದೇಣಿಗೆ ಮತ್ತು ಮೂಲನಿಧಿ (ಬಡ್ಡಿ ಬಳಸಲೆಂದು ಕೂಡಿಡುವ ಠೇವಣಿ) ಎಂಬ ದಾರಿಗಳನ್ನು ಇಲ್ಲಿ ಆ ದೃಷ್ಟಿಯಿಂದಲೇ ಹೋಲಿಸಿದ್ದೇನೆ.

ಎಳೆಯ ಮಕ್ಕಳ ಕೆಲಸಕ್ಕೆ ಒಂದು ವಿಶೇಷ ಕಷ್ಟವಿದೆ. ಇಲ್ಲಿ ಪರೀಕ್ಷೆಯ ಫಲಿತಾಂಶವಿಲ್ಲ, ಉದ್ಯೋಗ ಪಡೆದವರ ಪಟ್ಟಿಯಿಲ್ಲ. ಮೂರು ವರ್ಷದ ಮಗು ಅಳು ನಿಲ್ಲಿಸಿ ತಾನಾಗಿ ತಟ್ಟೆಯ ಮುಂದೆ ಬಂದು ಕುಳಿತುಕೊಳ್ಳುವುದನ್ನು ವಾರ್ಷಿಕ ವರದಿಯ ಕೋಷ್ಟಕದಲ್ಲಿ ತೋರಿಸುವುದು ಸುಲಭವಲ್ಲ. ಹಾಗಾಗಿ ದಾನಿಗಳು ಗೋಡೆಗೆ ಬಣ್ಣ, ಆಟದ ಸಾಮಾನು, ಟಿ.ವಿ. ಪರದೆ ಮುಂತಾದ ಕಣ್ಣಿಗೆ ಕಾಣುವ ವಸ್ತುಗಳಿಗೆ ಬೇಗ ಒಪ್ಪುತ್ತಾರೆ. ಆದರೆ ಈ ವಯಸ್ಸಿನ ಮಗುವಿಗೆ ಬೇಕಾದದ್ದು ದಿನವೂ ಅದೇ ಮುಖ, ಅದೇ ದನಿ. ಶಿಕ್ಷಕಿ ವರ್ಷಕ್ಕೊಬ್ಬರಂತೆ ಬದಲಾದರೆ ಉಳಿದದ್ದೆಲ್ಲ ಇದ್ದೂ ಇಲ್ಲದಂತೆ. ಹೀಗಾಗಿ ಶಿಕ್ಷಕಿ ಮತ್ತು ಆಯಾ ಅವರ ಸಂಬಳವೇ ಮೊದಲ ಖರ್ಚು, ಮತ್ತು ಎಲ್ಲಕ್ಕಿಂತ ಗಟ್ಟಿಯಾದ ಹಣ ಅದಕ್ಕೇ ಮೀಸಲಾಗಬೇಕು.

ಮೊದಲು ಒಂದು ಮಗುವಿನ ನಿಜವಾದ ವೆಚ್ಚ

ಯಾವ ದಾರಿಯನ್ನು ಆರಿಸುವ ಮೊದಲೂ ಒಂದು ಮಗುವಿಗೆ ತಿಂಗಳಿಗೆ ತಗಲುವ ಪೂರ್ತಿ ವೆಚ್ಚವನ್ನು ಬರೆದು ಮುಂದಿಟ್ಟುಕೊಳ್ಳಬೇಕು. ಉದಾಹರಣೆಗೆ 40 ಮಕ್ಕಳ ಒಂದು ಬಾಲವಾಡಿಯನ್ನು ಕಲ್ಪಿಸಿಕೊಳ್ಳೋಣ. ಇಬ್ಬರು ಶಿಕ್ಷಕಿಯರಿಗೆ ತಲಾ 15,000 ರೂಪಾಯಿ, ಆಯಾಗೆ 10,000, ಬಾಡಿಗೆ 15,000. ಮಗುವಿಗೆ ದಿನಕ್ಕೆ 25 ರೂಪಾಯಿಯಂತೆ 25 ದಿನದ ಊಟ ತಿಂಡಿಗೆ 25,000. ಕಲಿಕಾ ಸಾಮಗ್ರಿ ಮತ್ತು ಓಡಾಟಕ್ಕೆ 5,000. ಲೆಕ್ಕಪತ್ರ, ಆಡಿಟ್, ಸಂಯೋಜಕರ ಸಂಬಳದ ಪಾಲು ಎಂದು 10,000. ರಿಪೇರಿ ಮತ್ತು ಆಪತ್ತಿಗೆಂದು ಎತ್ತಿಡುವುದು 5,000. ಒಟ್ಟು ತಿಂಗಳಿಗೆ ಒಂದು ಲಕ್ಷ, ಅಂದರೆ ಮಗುವಿಗೆ 2,500 ರೂಪಾಯಿ. ಇವು ಲೆಕ್ಕ ತೋರಿಸಲು ಹಿಡಿದ ಅಂಕಿಗಳು; ನಿಮ್ಮ ಊರಿನ ಬಾಡಿಗೆ ಮತ್ತು ಸಂಬಳಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.

ಈಗ ಇದೇ ಬಾಲವಾಡಿಯ ಪ್ರಸ್ತಾವ ದಾನಿಗಳ ಮೇಜಿಗೆ ಹೋಗುವಾಗ ಏನಾಗುತ್ತದೆ ಎಂಬುದನ್ನು ಗಮನಿಸಿ. ‘ಆಡಳಿತ ವೆಚ್ಚ ಜಾಸ್ತಿ ಕಾಣಬಾರದು’ ಎಂಬ ಅಂಜಿಕೆಯಿಂದ ಬಾಡಿಗೆ, ಆಡಿಟ್, ರಿಪೇರಿ ಇವುಗಳನ್ನು ಕೈಬಿಟ್ಟು 70,000ಕ್ಕೆ, ಅಂದರೆ ಮಗುವಿಗೆ 1,750 ರೂಪಾಯಿಗೆ ಪ್ರಸ್ತಾವ ಬರೆಯುತ್ತಾರೆ. ಕೇಳಿದಷ್ಟೂ ಹಣ ಸಿಕ್ಕರೂ ತಿಂಗಳಿಗೆ 30,000, ವರ್ಷಕ್ಕೆ 3 ಲಕ್ಷ 60 ಸಾವಿರದ ಕೊರತೆ ಅನುದಾನದ ಜೊತೆಗೇ ಹುಟ್ಟಿಕೊಳ್ಳುತ್ತದೆ. ಅದೇ ವೆಚ್ಚದಲ್ಲಿ ಎರಡನೆಯ ಕೇಂದ್ರ ತೆರೆದರೆ ಕೊರತೆಯೂ ಇಮ್ಮಡಿಯಾಗುತ್ತದೆ. ಅನೇಕ ಸಂಸ್ಥೆಗಳು ಬೆಳೆಯುತ್ತಾ ಬೆಳೆಯುತ್ತಾ ಬಡವಾಗುವುದು ಹೀಗೆಯೇ. ಮುಂದೆ ಬರುವ ಪ್ರತಿಯೊಂದು ದಾರಿಯನ್ನೂ ಈ 30,000ದ ಕೊರತೆ ಮತ್ತು 40,000ದ ಸಂಬಳದ ಎದುರು ಇಟ್ಟು ನೋಡೋಣ.

ಸಿಎಸ್‌ಆರ್: ಮೊತ್ತ ದೊಡ್ಡದು, ಆಯಸ್ಸು ಚಿಕ್ಕದು

ಕಂಪನಿ ಕಾಯ್ದೆ 2013ರ 135ನೇ ಕಲಮಿನ ಪ್ರಕಾರ 500 ಕೋಟಿ ರೂಪಾಯಿ ನಿವ್ವಳ ಸಂಪತ್ತು, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಶಿಕ್ಷಣ ಮತ್ತು ಅಪೌಷ್ಟಿಕತೆ ನಿವಾರಣೆ ಎರಡೂ ಆ ಕಾಯ್ದೆಯ ಏಳನೇ ಅನುಸೂಚಿಯಲ್ಲಿ, ಅಂದರೆ ಒಪ್ಪಿತ ಕೆಲಸಗಳ ಪಟ್ಟಿಯಲ್ಲಿ, ಇರುವುದರಿಂದ ಶಿಶುವಿಹಾರದ ಕೆಲಸ ಅದರೊಳಗೆ ಸಲೀಸಾಗಿ ಕೂರುತ್ತದೆ. ಸಂಸ್ಥೆಗೆ ತನ್ನ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡುವ 12ಎ, ದಾನಿಗಳಿಗೆ ತೆರಿಗೆ ವಿನಾಯಿತಿ ಕೊಡುವ 80ಜಿ ನೋಂದಣಿ, ಇಂಥ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಮತ್ತು 2021ರ ಏಪ್ರಿಲ್‌ನಿಂದ ಕಡ್ಡಾಯವಾಗಿರುವ, ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನೋಂದಣಿ ಇರಬೇಕು.

ಇದರ ಬಲ ಸ್ಪಷ್ಟವಿದೆ: ಒಂದೇ ಸಹಿಗೆ ವರ್ಷದ 12 ಲಕ್ಷವೂ ಬರಬಹುದು. ಮಿತಿಯೂ ಅಷ್ಟೇ ಸ್ಪಷ್ಟ. ಮುಂದುವರಿಯುವ ಯೋಜನೆ ಎಂದು ಕಾನೂನು ಒಪ್ಪುವುದೇ ಆರಂಭದ ವರ್ಷವನ್ನು ಬಿಟ್ಟು ಮೂರು ವರ್ಷದವರೆಗೆ. ಕಂಪನಿಯ ಲಾಭ ಕುಗ್ಗಿದರೆ, ಆದ್ಯತೆ ಬದಲಾದರೆ, ಸಿಎಸ್‌ಆರ್ ವಿಭಾಗದ ಮುಖ್ಯಸ್ಥರು ಬೇರೆ ಕಡೆ ಹೋದರೆ ನವೀಕರಣದ ಖಾತ್ರಿಯಿಲ್ಲ. ಕಂತುಗಳು ಬಳಕೆ ಪ್ರಮಾಣಪತ್ರ ಸಲ್ಲಿಸಿದ ಮೇಲೆ ಬರುವುದರಿಂದ ನಡುವಿನ ತಿಂಗಳುಗಳ ಸಂಬಳವನ್ನು ಬೇರೆ ಹಣದಿಂದ ಹೊಂದಿಸಬೇಕು. ಕಂಪನಿಗಳು ತಮ್ಮ ಕಚೇರಿ, ಕಾರ್ಖಾನೆಗಳ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಕಾಯ್ದೆಯೇ ಹೇಳುವುದರಿಂದ ಬೆಂಗಳೂರಿನ ಸಂಸ್ಥೆಗೆ ಸಿಗುವ ಅವಕಾಶ ಯಾದಗಿರಿಯ ಸಂಸ್ಥೆಗೆ ಸಿಗುವುದಿಲ್ಲ. ಇನ್ನೊಂದು ವಿಷಯ ಅನೇಕರಿಗೆ ಗೊತ್ತಿರುವುದಿಲ್ಲ: 2021ರ ಜನವರಿಯ ತಿದ್ದುಪಡಿಯ ನಂತರ ಸಂಸ್ಥೆಯ ಮೂಲನಿಧಿಗೆ ಕೊಟ್ಟ ಹಣ ಸಿಎಸ್‌ಆರ್ ಖರ್ಚಾಗಿ ಪರಿಗಣಿತವಾಗುವುದಿಲ್ಲ. ಅಂದರೆ ಈ ಹಣದಿಂದ ಇಂದಿನ ಕೆಲಸ ನಡೆಯುತ್ತದೆ, ನಾಳೆಗೆಂದು ಕೂಡಿಡಲು ಬರುವುದಿಲ್ಲ.

ನನ್ನ ಸಲಹೆಯೆಂದರೆ, ಸಿಎಸ್‌ಆರ್ ಹಣವನ್ನು ಕೊನೆಯುಳ್ಳ ಖರ್ಚುಗಳಿಗೆ ಬಳಸಿ. ಶೌಚಾಲಯ, ಅಡುಗೆಮನೆ, ಶಿಕ್ಷಕಿಯರ ತರಬೇತಿ, ಪಠ್ಯಕ್ರಮ ರೂಪಿಸುವುದು, ದೇಣಿಗೆದಾರರ ದಾಖಲೆ ಇಡುವ ವ್ಯವಸ್ಥೆ ಇಂಥವುಗಳಿಗೆ ಅದು ಬಹಳ ಚೆನ್ನಾಗಿ ಹೊಂದುತ್ತದೆ. ಸಂಬಳಕ್ಕೆ ಬಳಸಲೇಬೇಕಾದರೆ ಮೊದಲ ವರ್ಷ ಪೂರ್ತಿ, ಎರಡನೆಯ ವರ್ಷ ಮುಕ್ಕಾಲು, ಮೂರನೆಯ ವರ್ಷ ಅರ್ಧ ಎಂದು ಇಳಿಯುವ ಕ್ರಮವನ್ನು ನೀವೇ ಪ್ರಸ್ತಾವದಲ್ಲಿ ಬರೆದುಕೊಡಿ. ಉಳಿದ ಪಾಲು ಎಲ್ಲಿಂದ ಬರುತ್ತದೆ ಎಂಬುದನ್ನೂ ತೋರಿಸಿ. ಇಂಥ ಪ್ರಸ್ತಾವಕ್ಕೆ ಕಂಪನಿಗಳ ಗೌರವವೂ ಹೆಚ್ಚು. ಬಾಡಿಗೆ ಮತ್ತು ಆಡಿಟ್ ವೆಚ್ಚದ ಪಾಲನ್ನು ಕೇಳಲು ಹಿಂಜರಿಯಬೇಡಿ. ನಿಯಮದಲ್ಲಿರುವ ಶೇ 5ರ ಆಡಳಿತ ವೆಚ್ಚದ ಮಿತಿ ಕಂಪನಿಯ ಸ್ವಂತ ಸಿಎಸ್‌ಆರ್ ಆಡಳಿತಕ್ಕೆ ಸಂಬಂಧಿಸಿದ್ದೇ ಹೊರತು ನಿಮ್ಮ ಕೇಂದ್ರ ನಡೆಸುವ ವೆಚ್ಚಕ್ಕಲ್ಲ.

ತಿಂಗಳ ದೇಣಿಗೆ: ನಿಧಾನವಾಗಿ ಬೆಳೆದು ಕೊನೆತನಕ ನಿಲ್ಲುವ ಹಣ

ನೂರು ಜನ ತಿಂಗಳಿಗೆ 300 ರೂಪಾಯಿ ಕೊಟ್ಟರೆ 30,000. ಮೇಲಿನ ಉದಾಹರಣೆಯ ಕೊರತೆ ಅಲ್ಲಿಗೆ ತುಂಬುತ್ತದೆ. ಇದನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ, ಏಕೆಂದರೆ ನೂರರಲ್ಲಿ ಹತ್ತು ಜನ ನಿಲ್ಲಿಸಿದರೂ ಶಿಕ್ಷಕಿಯ ಸಂಬಳ ನಿಲ್ಲುವುದಿಲ್ಲ, ಮತ್ತು ಈ ಹಣಕ್ಕೆ ‘ಇದಕ್ಕೇ ಖರ್ಚು ಮಾಡಿ’ ಎಂಬ ಷರತ್ತು ಸಾಮಾನ್ಯವಾಗಿ ಇರುವುದಿಲ್ಲ. ಹಣಕಾಸಿನ ಭಾಷೆಯಲ್ಲಿ ಇದು ಕಟ್ಟುಪಾಡಿಲ್ಲದ ನಿಧಿ. ಬಾಡಿಗೆಗೂ ಆಡಿಟರ್ ಶುಲ್ಕಕ್ಕೂ ಇದನ್ನೇ ಬಳಸಬಹುದು.

ಆದರೆ ನೂರು ಜನ ತಾವಾಗಿ ಬರುವುದಿಲ್ಲ. ಊರಿನ ಅಂಗಡಿಯವರು, ನಿವೃತ್ತ ಶಿಕ್ಷಕರು, ಬ್ಯಾಂಕ್ ನೌಕರರು, ಹಿಂದೆ ಇದೇ ಬಾಲವಾಡಿಯಲ್ಲಿ ಆಡಿ ಬೆಳೆದ ಮಕ್ಕಳ ಹೆತ್ತವರು, ಇವರನ್ನು ಒಬ್ಬೊಬ್ಬರಾಗಿ ಕಂಡು ಕೇಳಬೇಕು. ಪ್ರತಿ ತಿಂಗಳು ನೆನಪಿಸಿ ವಸೂಲು ಮಾಡುವ ಪದ್ಧತಿ ಬೇಗ ದಣಿಸುತ್ತದೆ. ಯುಪಿಐ ಆಟೊಪೇ ಅಥವಾ ಬ್ಯಾಂಕಿನ ಇ-ಮ್ಯಾಂಡೇಟ್ ಮಾಡಿಸಿಕೊಂಡರೆ ಹಣ ತಾನಾಗಿ ಜಮೆಯಾಗುತ್ತದೆ. ಇದನ್ನು ನೋಡಿಕೊಳ್ಳಲು ಅರ್ಧ ದಿನದ ಒಬ್ಬ ಸಿಬ್ಬಂದಿಯಾದರೂ ಬೇಕು. ಆ ಸಂಬಳವನ್ನು ಮೊದಲ ಎರಡು ವರ್ಷ ಸಿಎಸ್‌ಆರ್‌ನಿಂದ ಕೇಳುವುದು ಒಳ್ಳೆಯ ಉಪಾಯ. ಹೀಗೆ ತಾತ್ಕಾಲಿಕ ಹಣ ಶಾಶ್ವತ ಹಣವನ್ನು ಕಟ್ಟಲು ನೆರವಾಗುತ್ತದೆ.

ತೆರಿಗೆ ವಿನಾಯಿತಿಯ ಬಗ್ಗೆ ದಾನಿಗಳಿಗೆ ಇರುವಷ್ಟೇ ತಪ್ಪು ಕಲ್ಪನೆ ಸಂಸ್ಥೆಗಳಿಗೂ ಇದೆ. 80ಜಿ ಅಡಿಯಲ್ಲಿ ಸಾಮಾನ್ಯ ಸೇವಾ ಸಂಸ್ಥೆಗೆ ಕೊಟ್ಟ ದೇಣಿಗೆಯ ಅರ್ಧದಷ್ಟು ಮಾತ್ರ ದಾನಿಯ ಆದಾಯದಿಂದ ಕಳೆಯುತ್ತದೆ, ಅದೂ ಒಂದು ಮಿತಿಯೊಳಗೆ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ವಿನಾಯಿತಿಯಿಲ್ಲ. ಈಗ ಬಹುಪಾಲು ಸಂಬಳದಾರರು ಇರುವ ಹೊಸ ತೆರಿಗೆ ಪದ್ಧತಿಯಲ್ಲಿ ಈ ವಿನಾಯಿತಿಯೇ ಇಲ್ಲ. ಆದ್ದರಿಂದ ‘ತೆರಿಗೆ ಉಳಿಸಿ’ ಎಂದು ಕೇಳುವ ಕರಪತ್ರದ ಬಲ ತಗ್ಗಿದೆ. ಮಗುವಿನ ಒಂದು ತಿಂಗಳ ಊಟಕ್ಕೆ 625 ರೂಪಾಯಿ ಎಂದು ನೇರವಾಗಿ ಹೇಳುವುದೇ ಮೇಲು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯಿಸುವುದರಿಂದ ಕಲಮುಗಳ ಸಂಖ್ಯೆ ಬದಲಾಗಿದೆ. ಎಲ್ಲರಿಗೂ ಪರಿಚಿತವೆಂದು ಇಲ್ಲಿ ಹಳೆಯ ಹೆಸರುಗಳನ್ನೇ ಬಳಸಿದ್ದೇನೆ. ರಸೀದಿ ಪುಸ್ತಕ ಅಚ್ಚು ಹಾಕಿಸುವ ಮೊದಲು ಲೆಕ್ಕಪರಿಶೋಧಕರಿಗೆ ತೋರಿಸಿ.

ಪೋಷಕರ ಶುಲ್ಕ

ಬಡವರಿಂದ ಶುಲ್ಕ ತೆಗೆದುಕೊಳ್ಳುವುದು ಸೇವೆಗೆ ಕುಂದು ಎಂಬ ಭಾವನೆ ನಮ್ಮಲ್ಲಿ ಆಳವಾಗಿದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಸರ್ಕಾರದ ರಾಷ್ಟ್ರೀಯ ಶಿಶುಪಾಲನಾ ಯೋಜನೆಯೇ ಬಡತನ ರೇಖೆಗಿಂತ ಕೆಳಗಿನ ಕುಟುಂಬದಿಂದ ಮಗುವಿಗೆ ತಿಂಗಳಿಗೆ 20 ರೂಪಾಯಿ, ಉಳಿದವರಿಂದ ಆದಾಯಕ್ಕೆ ತಕ್ಕಂತೆ 100 ಅಥವಾ 200 ರೂಪಾಯಿ ಬಳಕೆ ಶುಲ್ಕವನ್ನು ಗೊತ್ತುಮಾಡಿತ್ತು ಎಂಬುದು ನೆನಪಿರಲಿ. ನಮ್ಮ ಉದಾಹರಣೆಯಲ್ಲಿ ಹತ್ತು ಕುಟುಂಬಗಳು 500, ಇಪ್ಪತ್ತು ಕುಟುಂಬಗಳು 200, ಉಳಿದ ಹತ್ತು ಏನೂ ಕೊಡದಿದ್ದರೆ 9,000 ರೂಪಾಯಿ ಬರುತ್ತದೆ. ಒಟ್ಟು ಖರ್ಚಿನ ಶೇ 9. ಇದರಿಂದ ಸಂಸ್ಥೆ ನಡೆಯುವುದಿಲ್ಲ. ಆದರೆ ಶುಲ್ಕ ಕೊಡುವ ತಾಯಿ ‘ನಿನ್ನೆ ಸಾಂಬಾರು ನೀರಾಗಿತ್ತು’ ಎಂದು ಕೇಳುವ ಹಕ್ಕನ್ನು ತನ್ನದೆಂದು ಭಾವಿಸುತ್ತಾಳೆ, ಮತ್ತು ಆ ಹಕ್ಕು ಕೇಂದ್ರದ ಗುಣಮಟ್ಟವನ್ನು ಯಾವ ತಪಾಸಣೆಗಿಂತಲೂ ಚೆನ್ನಾಗಿ ಕಾಯುತ್ತದೆ. ಒಂದು ಎಚ್ಚರ ಮಾತ್ರ ಬೇಕು: ಯಾರು ಎಷ್ಟು ಕೊಡುತ್ತಾರೆಂಬುದು ಶಿಕ್ಷಕಿಗೆ ತಿಳಿಯಕೂಡದು. ಹಣ ಕಟ್ಟುವ ಕೆಲಸ ಕಚೇರಿಯಲ್ಲಿರಲಿ, ತರಗತಿಯ ಬಾಗಿಲಲ್ಲಿ ಬೇಡ.

ಸರ್ಕಾರದ ಜೊತೆ: ಸ್ವಂತ ಕೇಂದ್ರವೋ, ಅಂಗನವಾಡಿಗೆ ಬೆಂಬಲವೋ

ಈ ಆಯ್ಕೆ ಹಣದಷ್ಟೇ ಕೆಲಸದ ಸ್ವರೂಪಕ್ಕೂ ಸಂಬಂಧಿಸಿದೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ, ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಗ್ರಾಮೀಣ ಉದ್ಯೋಗ ಖಾತ್ರಿ ಯೋಜನೆಯ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳು ತೆರೆದಿವೆ. ಸರ್ಕಾರಿ ಶಾಲೆಗಳಲ್ಲೂ ಎಲ್‌ಕೆಜಿ, ಯುಕೆಜಿ ಆರಂಭವಾಗುತ್ತಿವೆ. ಪಕ್ಕದ ಬೀದಿಯಲ್ಲೇ ಸರ್ಕಾರಿ ಕೇಂದ್ರವಿರುವಾಗ ಮಗುವಿಗೆ 2,500 ಖರ್ಚು ಮಾಡಿ ಅಂಥದ್ದೇ ಇನ್ನೊಂದನ್ನು ನಡೆಸಬೇಕೇ ಎಂದು ಟ್ರಸ್ಟಿಗಳು ಕೇಳಿಕೊಳ್ಳಲೇಬೇಕು.

ಲೆಕ್ಕ ಹಾಕಿ ನೋಡಿ. 30,000 ಸಂಬಳದ ಒಬ್ಬ ತರಬೇತುದಾರೆ, 10,000 ಓಡಾಟ ಮತ್ತು ಸಾಮಗ್ರಿಯ ಖರ್ಚಿನಲ್ಲಿ 20 ಅಂಗನವಾಡಿಗಳಿಗೆ ಸರದಿಯಂತೆ ಹೋಗಿ ಕಾರ್ಯಕರ್ತೆಯರ ಜೊತೆ ಕುಳಿತು ಕಥೆ, ಹಾಡು, ಆಟದ ಕಲಿಕೆಯನ್ನು ಗಟ್ಟಿಗೊಳಿಸಿದರೆ, ಒಂದು ಕೇಂದ್ರಕ್ಕೆ 25 ಮಕ್ಕಳೆಂದರೂ 500 ಮಕ್ಕಳಿಗೆ ತಲಾ 80 ರೂಪಾಯಿ. ಕಟ್ಟಡ, ಊಟ, ಗೌರವಧನ ಎಲ್ಲವೂ ಸರ್ಕಾರದ್ದು. ಹಣದ ದೃಷ್ಟಿಯಿಂದ ಇದಕ್ಕೆ ಸರಿಸಾಟಿಯಿಲ್ಲ. ತೊಡಕು ಬೇರೆ ಕಡೆ ಇದೆ: ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅನುಮತಿ ಬೇಕು, ಒಪ್ಪಂದಕ್ಕೆ ಅವಧಿಯಿರುತ್ತದೆ, ಸಹಕರಿಸುತ್ತಿದ್ದ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ವರ್ಗವಾದರೆ ಮೊದಲಿನಿಂದ ಆರಂಭಿಸಬೇಕಾಗಬಹುದು, ಕಾರ್ಯಕರ್ತೆಯರ ಮೇಲೆ ಸಮೀಕ್ಷೆ, ಆ್ಯಪ್‌, ಚುನಾವಣೆಯ ಕೆಲಸಗಳ ಹೊರೆಯಿದೆ.

ಎರಡು ಸಂದರ್ಭಗಳಲ್ಲಿ ಸ್ವಂತ ಕೇಂದ್ರ ಅನಿವಾರ್ಯ. ಮೂರು ವರ್ಷದ ಒಳಗಿನ ಮಕ್ಕಳಿಗೆ ಅಂಗನವಾಡಿಯಿಂದ ಆಹಾರ ಮನೆಗೆ ಹೋಗುತ್ತದೆಯೇ ವಿನಾ ಹಗಲು ಪಾಲನೆ ಸಾಮಾನ್ಯವಾಗಿ ಸಿಗುವುದಿಲ್ಲ. ತಾಯಿ ಗಾರ್ಮೆಂಟ್ಸ್‌ನಿಂದಲೋ ಕಟ್ಟಡ ಕೆಲಸದಿಂದಲೋ ಮರಳುವುದು ಸಂಜೆಯಾದ ಮೇಲೆ. ಇಲ್ಲಿ ಕೇಂದ್ರ ಮತ್ತು ರಾಜ್ಯ 60:40ರಂತೆ ವೆಚ್ಚ ಹಂಚಿಕೊಳ್ಳುವ ‘ಪಾಲನಾ’ ಯೋಜನೆಯತ್ತ ನೋಡಬಹುದು. ಆದರೆ ಸರ್ಕಾರದ ಅನುದಾನವೊಂದನ್ನೇ ನಂಬಿ ಸಿಬ್ಬಂದಿಯನ್ನು ನೇಮಿಸುವುದು ಅಪಾಯ. ಇದರ ಹಿಂದಿನ ರಾಷ್ಟ್ರೀಯ ಶಿಶುಪಾಲನಾ ಯೋಜನೆಯಲ್ಲಿ ಕೇಂದ್ರ, ರಾಜ್ಯ, ಸಂಸ್ಥೆ 60:30:10ರಂತೆ ಖರ್ಚು ಹೊರಬೇಕಿತ್ತು. ಅಂದರೆ ಪೂರ್ತಿ ಸರ್ಕಾರದ್ದೆಂದು ಕಾಣುವ ಕೆಲಸದಲ್ಲೂ ನಿಮ್ಮ ಕೈಯಿಂದ ಒಂದು ಪಾಲು ಸಿದ್ಧವಿರಬೇಕಾಗಬಹುದು, ಮತ್ತು ಕಂತು ತಡವಾದರೆ ಮೂರು ನಾಲ್ಕು ತಿಂಗಳು ತಾಳಿಕೊಳ್ಳುವ ಶಕ್ತಿ ಬೇಕು.

ಉದ್ಯೋಗದಾತರೊಂದಿಗೆ ಒಪ್ಪಂದ

ಕಾನೂನು ಇಲ್ಲಿ ಸಂಸ್ಥೆಗಳ ಬೆನ್ನಿಗಿದೆ, ಆದರೂ ಈ ದಾರಿಯನ್ನು ಹೆಚ್ಚು ಜನ ಬಳಸಿಕೊಂಡಿಲ್ಲ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯು 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಸೌಲಭ್ಯವನ್ನು ಕಡ್ಡಾಯ ಮಾಡಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಹೊಣೆ ಮುಂದುವರಿದಿದೆ. ಕಟ್ಟಡ ಕಾಮಗಾರಿಯ ಸ್ಥಳದಲ್ಲಿ ಹೀಗೆ ಪಾಲನಾ ಕೇಂದ್ರ ನಡೆಸಬಹುದೆಂದು ದೇಶಕ್ಕೆ ತೋರಿಸಿದ್ದು ಮೊಬೈಲ್ ಕ್ರೆಷಸ್ ಸಂಸ್ಥೆ. 1969ರಲ್ಲಿ ದೆಹಲಿಯ ರಾಜಘಾಟ್‌ನಲ್ಲಿ ಗಾಂಧಿ ಶತಮಾನೋತ್ಸವದ ನಿರ್ಮಾಣ ಕಾರ್ಯ ನಡೆಯುತ್ತಿದ್ದ ಜಾಗದಲ್ಲಿ ಧೂಳಿನಲ್ಲಿದ್ದ ಕೂಲಿಕಾರರ ಮಕ್ಕಳನ್ನು ಕಂಡು ಮೀರಾ ಮಹಾದೇವನ್ ಆರಂಭಿಸಿದ ಈ ಕೆಲಸಕ್ಕೆ ಮುಂದೆ ಕಟ್ಟಡ ನಿರ್ಮಾಣಗಾರರೂ ಪಾಲುದಾರರಾದರು.

ಕಾರ್ಖಾನೆಯ ಕೇಂದ್ರವನ್ನು ಮಗುವಿಗೆ 3,500 ರೂಪಾಯಿಯಂತೆ ನಡೆಸಿಕೊಡಲು ಒಪ್ಪಿ, ಖರ್ಚು 2,500 ಆದರೆ, 30 ಮಕ್ಕಳಿಂದ ತಿಂಗಳಿಗೆ 30,000 ಉಳಿಯುತ್ತದೆ. ಕೊಳೆಗೇರಿಯ ಬಾಲವಾಡಿಯ ಕೊರತೆಗೆ ಅದು ಸಾಕು. ಆದರೆ ಒಪ್ಪಂದದ ಕೇಂದ್ರಕ್ಕೇ ಒಳ್ಳೆಯ ಶಿಕ್ಷಕಿಯರೆಲ್ಲ ಹೋಗಿ ಮೂಲ ಬಾಲವಾಡಿ ಸೊರಗುವುದು ಇದರ ನಿಜವಾದ ಅಪಾಯ. ಎರಡೂ ಕಡೆ ಒಂದೇ ಸಂಬಳ ಇಟ್ಟರೆ ಅದನ್ನು ತಡೆಯಬಹುದು. ಈ ಆದಾಯಕ್ಕೆ ಪ್ರತ್ಯೇಕ ಲೆಕ್ಕಪುಸ್ತಕ ಇಡಬೇಕು. ಜಿಎಸ್‌ಟಿ ಅನ್ವಯಿಸುವುದೇ ಎಂಬುದನ್ನು ಸಹಿ ಹಾಕುವ ಮೊದಲೇ ಲೆಕ್ಕಪರಿಶೋಧಕರಿಂದ ಬರೆಸಿಕೊಳ್ಳಿ. ಮೂರು ತಿಂಗಳ ನೋಟಿಸ್ ಇಲ್ಲದೆ ಒಪ್ಪಂದ ಮುರಿಯುವಂತಿಲ್ಲ ಎಂಬ ಷರತ್ತನ್ನು ಬಿಡಬೇಡಿ.

ವಿದೇಶಿ ಹಣ ಮತ್ತು ಹೊರನಾಡ ಕನ್ನಡಿಗರು

ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷಗಳಲ್ಲಿ ಕನಿಷ್ಠ 15 ಲಕ್ಷ ರೂಪಾಯಿ ತನ್ನ ಉದ್ದೇಶಕ್ಕೆ ಖರ್ಚು ಮಾಡಿರಬೇಕು. 2020ರ ತಿದ್ದುಪಡಿಯು ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿತು, ಒಂದು ಸಂಸ್ಥೆ ಇನ್ನೊಂದಕ್ಕೆ ಈ ಹಣ ಕೊಡುವುದನ್ನು ನಿಷೇಧಿಸಿತು, ಎಲ್ಲ ಹಣ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕೆಂದಿತು. ನೋಂದಣಿ ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ವರ್ಷಕ್ಕೆ 12 ಲಕ್ಷದ ಸಂಸ್ಥೆಗೆ ಇಷ್ಟೆಲ್ಲ ದಾಖಲೆಯ ಹೊರೆ ತಕ್ಕದ್ದಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಖಚಿತ ದಾನಿ ಕಣ್ಣೆದುರು ಇದ್ದರೆ ಮಾತ್ರ ಅರ್ಜಿ ಹಾಕಿ.

ನೋಂದಣಿ ಇಲ್ಲದೆಯೂ ಒಂದು ಬಾಗಿಲು ತೆರೆದಿದೆ. ದುಬೈಯಲ್ಲೋ ಸಿಂಗಪುರದಲ್ಲೋ ದುಡಿಯುತ್ತಿರುವ, ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿರುವ ಕನ್ನಡಿಗರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆಯಾಗುವುದಿಲ್ಲ. ಅವರ ಪಾಸ್‌ಪೋರ್ಟ್ ಪ್ರತಿಯನ್ನು ಕಡತದಲ್ಲಿ ಇಟ್ಟುಕೊಳ್ಳಿ. ಅಮೆರಿಕದ ಪೌರತ್ವ ಪಡೆದ ನೆಂಟರು, ಅವರ ಬಳಿ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ಈ ಲೆಕ್ಕಕ್ಕೆ ವಿದೇಶಿಯರೇ. ಸಲುಗೆಯಿಂದ ಅವರ ಹಣವನ್ನು ಸಾಮಾನ್ಯ ಖಾತೆಗೆ ಹಾಕಿಸಿಕೊಂಡರೆ ಅದು ಕಾಯ್ದೆಯ ಉಲ್ಲಂಘನೆಯಾಗುತ್ತದೆ.

ಮೂಲನಿಧಿ, ಆಪತ್ತಿನ ನಿಧಿ, ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್

‘ಒಂದು ದೊಡ್ಡ ಠೇವಣಿ ಇಟ್ಟು ಬಡ್ಡಿಯಲ್ಲಿ ನಡೆಸೋಣ’ ಎಂಬ ಆಸೆ ಹಿರಿಯ ಟ್ರಸ್ಟಿಗಳಲ್ಲಿ ಸಾಮಾನ್ಯ. ಶೇ 7ರ ಬಡ್ಡಿ ಹಿಡಿದರೆ ವರ್ಷದ 12 ಲಕ್ಷಕ್ಕೆ ಸುಮಾರು 1 ಕೋಟಿ 70 ಲಕ್ಷದ ಠೇವಣಿ ಬೇಕು, ಅದೂ ಸಂಬಳ ಎಂದೂ ಏರದಿದ್ದರೆ. ಕೊರತೆಯ 3 ಲಕ್ಷ 60 ಸಾವಿರಕ್ಕೇ 51 ಲಕ್ಷ ಬೇಕು. ಇದು ಹತ್ತಿಪ್ಪತ್ತು ವರ್ಷಗಳ ಗುರಿಯಾಗಬಹುದು, ಈ ವರ್ಷದ ಪರಿಹಾರವಾಗಲಾರದು. ಆರು ತಿಂಗಳ ಖರ್ಚಿನಷ್ಟು, ಅಂದರೆ 6 ಲಕ್ಷದ ಆಪತ್ತಿನ ನಿಧಿಯಾದರೆ ಕೈಗೆಟುಕುತ್ತದೆ. ಆದಾಯದ ಶೇ 85ರಷ್ಟನ್ನು ಆಯಾ ವರ್ಷವೇ ಬಳಸಬೇಕೆಂಬ ತೆರಿಗೆ ನಿಯಮ ಉಳಿದ ಶೇ 15ನ್ನು ಎತ್ತಿಡಲು ಅವಕಾಶ ಕೊಡುತ್ತದೆ. ಅದನ್ನು ಪ್ರತಿವರ್ಷ ತಪ್ಪದೆ ಬಳಸಿಕೊಳ್ಳಿ. ಮೂಲನಿಧಿಗೆಂದು ಕೊಡುವ ದಾನಿಯಿಂದ ಹಾಗೆಂದು ಪತ್ರದಲ್ಲಿ ಬರೆಸಿಕೊಳ್ಳುವುದು ಕಡ್ಡಾಯ.

ಸೇವಾ ಸಂಸ್ಥೆಗಳು ಷೇರುಪೇಟೆಯ ಮೂಲಕ ಹಣ ಎತ್ತುವ ವೇದಿಕೆಯಾದ ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ಬೆಂಗಳೂರಿನ ಉನ್ನತಿ ಫೌಂಡೇಶನ್ 2023ರ ಡಿಸೆಂಬರ್‌ನಲ್ಲಿ ದೇಶದಲ್ಲೇ ಮೊದಲಿಗೆ ಪಟ್ಟಿಯಾಯಿತು. ಅಲ್ಲಿ ನೋಂದಾಯಿಸಲು ಹಿಂದಿನ ವರ್ಷ ಕನಿಷ್ಠ 50 ಲಕ್ಷ ಖರ್ಚು ಮಾಡಿರಬೇಕಾದ್ದರಿಂದ ಒಂದೆರಡು ಕೇಂದ್ರಗಳ ಸಂಸ್ಥೆ ಈಗಲೇ ಅದರ ಬಗ್ಗೆ ಯೋಚಿಸುವ ಅಗತ್ಯವಿಲ್ಲ.

ಯಾವುದರಿಂದ ಆರಂಭಿಸಬೇಕು

ಹೊಸ ಸಂಸ್ಥೆಯಾದರೆ ತಿಂಗಳ ದೇಣಿಗೆ ಮತ್ತು ಸಣ್ಣ ಶುಲ್ಕದಿಂದ ಆರಂಭಿಸಿ, ಮೂರು ವರ್ಷ ತುಂಬಿದ ಮೇಲೆ ಸಿಎಸ್‌ಆರ್ ಕೇಳಿ. ಕೈಗಾರಿಕಾ ಪ್ರದೇಶದ ಪಕ್ಕದಲ್ಲಿದ್ದರೆ ಒಪ್ಪಂದದ ದಾರಿಯನ್ನು ಮೊದಲು ಪರೀಕ್ಷಿಸಿ. ಹಳ್ಳಿಗಳ ನಡುವೆ ಇದ್ದರೆ ಅಂಗನವಾಡಿಗಳ ಬೆಂಬಲವೇ ಹೆಚ್ಚು ಮಕ್ಕಳನ್ನು ಮುಟ್ಟುತ್ತದೆ. ಈಗಾಗಲೇ ಒಬ್ಬನೇ ದಾನಿಯಿಂದ ಅರ್ಧಕ್ಕಿಂತ ಹೆಚ್ಚು ಹಣ ಬರುತ್ತಿರುವ ಸಂಸ್ಥೆ ಹೊಸ ಕೇಂದ್ರ ತೆರೆಯುವುದನ್ನು ನಿಲ್ಲಿಸಿ ಆ ಪಾಲನ್ನು ಇಳಿಸುವ ಕೆಲಸಕ್ಕೆ ಕೈಹಾಕಬೇಕು.

ಪ್ರತಿ ಡಿಸೆಂಬರ್‌ನಲ್ಲಿ ಮುಂದಿನ ಜೂನ್‌ನಿಂದ ಬೇಕಾಗುವ ಸಂಬಳಕ್ಕೆ ಎಷ್ಟು ಹಣ ಖಚಿತವಾಗಿದೆ ಎಂದು ಟ್ರಸ್ಟಿಗಳು ಲೆಕ್ಕ ನೋಡಲಿ. ಮುಕ್ಕಾಲು ಪಾಲೂ ಖಚಿತವಿಲ್ಲದಿದ್ದರೆ ಮಕ್ಕಳ ಸಂಖ್ಯೆಯನ್ನು ಇಳಿಸುವ ಅಥವಾ ಕೇಂದ್ರವನ್ನು ಅಂಗನವಾಡಿಯೊಂದಿಗೆ ಸೇರಿಸುವ ನಿರ್ಧಾರವನ್ನು ಫೆಬ್ರುವರಿಯೊಳಗೆ ತೆಗೆದುಕೊಂಡು ಪೋಷಕರಿಗೂ ಶಿಕ್ಷಕಿಯರಿಗೂ ತಿಳಿಸಬೇಕು. ಆಗ ಮಗುವಿಗೆ ಬೇರೆ ಕಡೆ ಪ್ರವೇಶ ಹುಡುಕಲು ಹೆತ್ತವರಿಗೆ ಬೇಸಿಗೆಯ ತಿಂಗಳುಗಳು ಸಿಗುತ್ತವೆ.